ಸೋಮವಾರಕ್ಕೇ ಮುಗಿದ ವಾರ

ಸಿಕಂದರಾಬಾದಿನಲ್ಲಿ ನಾನು ಕೆಲಸಕ್ಕೆ ಸೇರಿದ ಟೈಪಿಂಗ್ ಇನ್‌ಸ್ಟಿಟ್ಯೂಟಿನ ಬೋರ್ಡಿಗೆ ಆಗಷ್ಟೇ ‘ಕಂಪ್ಯೂಟರ್’ ಎಂಬ ಪದ ಸೇರಿಸಿದ್ದರು. ಜಾಗ ಸಾಲದೆ ಪೇಂಟರ್ ಕೊನೆಯ ಅಕ್ಷರಗಳನ್ನು ಒಂದರ ಮೈಮೇಲೆ ಒಂದು ಬೀಳುವಂತೆ ತುರುಕಿದ್ದ. ಒಳಗೂ ಅದೇ ಪರಿಸ್ಥಿತಿ. ಹದಿನಾಲ್ಕು ಟೈಪ್‌ರೈಟರುಗಳಿದ್ದ ಹಾಲಿನ ಒಂದು ಮೂಲೆಗೆ ಪ್ಲೈವುಡ್ ಹೊಡೆದು, ಆ ಗೂಡಿನಲ್ಲಿ ಮೂರು ಕಂಪ್ಯೂಟರ್ ಇಟ್ಟಿದ್ದರು. ಊರಿನ ತುಂಬ ಕಂಪ್ಯೂಟರಿನ ಗಾಳಿ ಬೀಸಲು ಶುರುವಾಗಿದ್ದ ಕಾಲ ಅದು. ಹೈದರಾಬಾದಿನ ಅಮೀರ್‌ಪೇಟೆಯಲ್ಲಿ ದಿನಕ್ಕೊಂದು ಹೊಸ ಕಂಪ್ಯೂಟರ್ ಕ್ಲಾಸಿನ ಬೋರ್ಡು ಏಳುತ್ತಿತ್ತು. ನಮ್ಮ ಮಾಲೀಕರಿಗೆ ಹೊಸ ಯಂತ್ರ ತರುವ ತಾಕತ್ತಿರಲಿಲ್ಲ, ಆದರೆ ಆ ಗಾಳಿಯನ್ನು ಬಿಟ್ಟುಕೊಡುವ ಮನಸ್ಸೂ ಇರಲಿಲ್ಲ. ಎಲ್ಲಿಂದಲೋ ಹಳೆಯವನ್ನು ಹೊತ್ತು ತಂದಿದ್ದರು. ಕೀಬೋರ್ಡಿನ ಹೊಟ್ಟೆಯಲ್ಲೇ ಇಡೀ ಕಂಪ್ಯೂಟರು, ಪರದೆಯ ಬದಲು ಟಿವಿ, ಪ್ರೋಗ್ರಾಮು ಉಳಿಸಿಡಲು ಹಾಡು ಕೇಳುವ ಟೇಪ್‌ರೆಕಾರ್ಡರು.

ನಾನು ರಾಯಚೂರಿನಲ್ಲಿ ಗಣಿತ ತೆಗೆದುಕೊಂಡು ಬಿಎಸ್‌ಸಿ ಮುಗಿಸಿದವಳು. ಅಪ್ಪನಿಗೆ ರೈಲ್ವೆಯಲ್ಲಿ ವರ್ಗವಾಗಿ ನಾವು ಸಿಕಂದರಾಬಾದಿನ ಪಕ್ಕದ ಮಲ್ಕಾಜ್‌ಗಿರಿಗೆ ಬಂದಿದ್ದೆವು. ಕಾಲೇಜಿನಲ್ಲಿ ಒಂದು ಕಂಪ್ಯೂಟರ್ ಕೋರ್ಸು ಮಾಡಿದ್ದೆ ಎನ್ನುವ ಒಂದೇ ಕಾರಣಕ್ಕೆ ಆ ಪ್ಲೈವುಡ್ ಗೂಡಿಗೆ ನಾನು ಯಜಮಾನಿಯಾದೆ. ಆಗ ನನಗಿದ್ದ ಜಂಬವನ್ನು ಈಗ ನೆನೆದರೆ ನಗು ಬರುತ್ತದೆ. ಪ್ರತಿ ಸಲವೂ ಅಲ್ಲ.

ಗೂಡಿನ ಆಚೆ, ಟೈಪ್‌ರೈಟರುಗಳ ಕಡೆ, ಇದ್ದವರು ಅಕ್ಕೋರು. ನಮ್ಮ ಕಡೆ ಶಾಲೆಯ ಟೀಚರಮ್ಮನನ್ನು ಕರೆಯುವುದೇ ಹಾಗೆ. ಬೀದರ್ ಕಡೆಯವರು, ನಲವತ್ತು ದಾಟಿದ್ದರು. ಗಂಡನನ್ನು ಕಳೆದುಕೊಂಡು ಮಗಳೊಂದಿಗೆ ಮಲ್ಕಾಜ್‌ಗಿರಿಯಲ್ಲೇ ನಮ್ಮ ಮನೆಯಿಂದ ಎರಡು ಗಲ್ಲಿ ಆಚೆ ಇದ್ದರು. ಹದಿನೇಳು ವರ್ಷ ಅದೇ ಹಾಲಿನಲ್ಲಿ ಟೈಪಿಂಗ್ ಕಲಿಸಿದ್ದರು. ಹೊರಗೆ ತೆಲುಗು, ಹಿಂದಿ ಎರಡನ್ನೂ ಚೆನ್ನಾಗಿ ಆಡುತ್ತಿದ್ದರು. ನಾನು ಸೇರಿದ ಮೇಲೆ, ‘ಕನ್ನಡ ಮಾತಾಡಾಕ ಒಂದ ಜೀವ ಸಿಕ್ತು’ ಎಂದು ಬೆಳಿಗ್ಗೆ ಸ್ಟೇಷನ್ನಿನ ಕಂಬವೊಂದರ ಹತ್ತಿರ ನನಗಾಗಿ ಕಾಯತೊಡಗಿದರು. ಪ್ಯಾಸೆಂಜರ್ ಗಾಡಿಯಲ್ಲಿ ಇಬ್ಬರೂ ಒಟ್ಟಿಗೆ ಹೋಗುತ್ತಿದ್ದೆವು.

ಅವರ ಕೆಲಸ ಹೋಗುವುದು ಎಲ್ಲರಿಗೂ ಗೊತ್ತಿತ್ತು. ಮಾಲೀಕರು ಟೈಪ್‌ರೈಟರುಗಳನ್ನು ಒಂದೊಂದಾಗಿ ಮಾರುತ್ತಿದ್ದರು. ಹದಿನಾಲ್ಕಿದ್ದದ್ದು ಒಂಬತ್ತಾಯಿತು, ಒಂಬತ್ತಿದ್ದದ್ದು ಐದಾಯಿತು. ಅಷ್ಟರಲ್ಲಿ ಒಂದು ದಾರಿ ಕಂಡಿತು. ಹತ್ತಿರದ ಹೆಣ್ಣುಮಕ್ಕಳ ಶಾಲೆಯೊಂದಕ್ಕೆ ಯಾರೋ ದಾನಿಗಳು ನಮ್ಮಲ್ಲಿದ್ದಂಥವೇ ಆರು ಹಳೆಯ ಕಂಪ್ಯೂಟರ್ ಕೊಟ್ಟಿದ್ದರು. ಇಡೀ ಶಾಲೆಯ ವಾರದ ವೇಳಾಪಟ್ಟಿಯನ್ನು ಆ ಯಂತ್ರದಲ್ಲೇ ಮಾಡಿ ತೋರಿಸಿದರೆ ಕಂಪ್ಯೂಟರ್ ಕೋಣೆ ತೆರೆಯುತ್ತೇನೆ ಎಂದು ಅಲ್ಲಿನ ಮುಖ್ಯೋಪಾಧ್ಯಾಯಿನಿ ನಮ್ಮ ಮಾಲೀಕರಿಗೆ ಹೇಳಿದ್ದರು. ಆ ಕೋಣೆಯಲ್ಲಿ ಕೂತು ಹುಡುಗಿಯರಿಗೆ ಕೀಬೋರ್ಡು ಕಲಿಸಲು ಒಬ್ಬ ಹೆಂಗಸು ಬೇಕು. ಅಕ್ಕೋರನ್ನು ನೋಡಿ, ಮಾತಾಡಿಸಿ, ‘ನೀವೇ ಬನ್ನಿ’ ಎಂದೂ ಹೇಳಿದ್ದರು. ಶಾಲೆಯ ಕೆಲಸ, ಮಗಳಿಗೂ ಅಲ್ಲೇ ಸೀಟು. ಆದರೆ ಎಲ್ಲವೂ ವೇಳಾಪಟ್ಟಿ ನಡೆದ ಮೇಲೆ.

ವೇಳಾಪಟ್ಟಿಯ ಪ್ರೋಗ್ರಾಮು ಬರೆದವರು ನಮ್ಮಲ್ಲಿಗೆ ಭಾನುವಾರ ಪಾಠ ಹೇಳಲು ಬರುತ್ತಿದ್ದ ನಿವೃತ್ತ ಇಂಜಿನಿಯರ್ ಒಬ್ಬರು. ನಾವು ಅವರನ್ನು ಬರೀ ಸರ್ ಎನ್ನುತ್ತಿದ್ದೆವು. ಅವರು ಬರೆದದ್ದು ಪ್ಯಾಸ್ಕಲ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ. ನೋಡಲು ಎಷ್ಟು ಚೆಂದ! ಒಂದೊಂದು ಕೆಲಸಕ್ಕೆ ಒಂದೊಂದು ತುಂಡು, ತುಂಡಿಗೊಂದು ಹೆಸರು, ಶುರು ಎಲ್ಲಿ ಕೊನೆ ಎಲ್ಲಿ ಎಂದು ಕಣ್ಣಿಗೇ ಕಾಣುತ್ತಿತ್ತು. ಆದರೆ ನಮ್ಮ ಯಂತ್ರಕ್ಕೆ ಪ್ಯಾಸ್ಕಲ್ ಬರುತ್ತಿರಲಿಲ್ಲ. ಅದಕ್ಕೆ ಗೊತ್ತಿದ್ದದ್ದು ಹಳೆಯ ಬೇಸಿಕ್ ಒಂದೇ. ಆ ಬೇಸಿಕ್‌ನಲ್ಲಿ ಪ್ರತಿ ಸಾಲಿಗೂ ನಂಬರು. ತುಂಡಿಲ್ಲ, ಹೆಸರಿಲ್ಲ. ‘ಹೀಗಿದ್ದರೆ ನಾನೂರ ಎಪ್ಪತ್ತನೆಯ ಸಾಲಿಗೆ ಹೋಗು, ಇಲ್ಲದಿದ್ದರೆ ಇನ್ನೂರಕ್ಕೆ ಹಿಂತಿರುಗು’ ಎಂದು ಯಂತ್ರವನ್ನು ಆ ಕಡೆ ಈ ಕಡೆ ಓಡಿಸಬೇಕು. ಸರ್‌ಗೆ ಇದು ಕಂಡರಾಗುತ್ತಿರಲಿಲ್ಲ. ‘ಅಚ್ಚುಕಟ್ಟಾದ ಮನೆಯ ಗೋಡೆಗಳನ್ನೆಲ್ಲ ಕೆಡವಿ ಒಂದೇ ಪಡಸಾಲೆ ಮಾಡ್ತಿದೀಯಮ್ಮ’ ಎಂದು ಗೊಣಗುತ್ತಿದ್ದರು. ಅನುವಾದ ನನ್ನ ಪಾಲಿಗೆ ಬಂತು.

ಉದ್ದನೆಯ ರೂಲು ಹಾಳೆಗಳಲ್ಲಿ ಶಾಯಿಯಿಂದ ಬರೆಯುತ್ತಿದ್ದೆ. ಸಾಲಿನ ನಂಬರುಗಳನ್ನು ಹತ್ತು ಹತ್ತು ಬಿಟ್ಟು ಹಾಕುವುದು ಪದ್ಧತಿ. ಹತ್ತು, ಇಪ್ಪತ್ತು, ಮೂವತ್ತು. ಮುಂದೆ ನಡುವೆ ಏನಾದರೂ ಸೇರಿಸಬೇಕಾದರೆ ಒಂಬತ್ತು ಸಾಲಿನ ಜಾಗ ಇರಲಿ ಎಂದು. ನಾನು ಲೆಕ್ಕ ತಪ್ಪಿ ಜಾಗ ಸಾಲದೆ ಹೋದ ಕಡೆಯಲ್ಲೆಲ್ಲ ಯಂತ್ರವನ್ನು ದೂರದ ಸಾಲಿಗೆ ಕಳಿಸಿ ಮತ್ತೆ ವಾಪಸು ಕರೆಸುತ್ತಿದ್ದೆ. ಬರೆಯುತ್ತ ಬರೆಯುತ್ತ ಹಾಳೆಯ ತುಂಬ ಬಾಣಗಳು. ಒಂದು ದಿನ ಅಪ್ಪ ನೋಡಿ, ‘ಇದು ನಮ್ಮ ರೈಲ್ವೆ ಯಾರ್ಡಿನ ಹಳಿಗಳ ನಕ್ಷೆ ಅಲ್ಲೇನು?’ ಎಂದರು.

ಇನ್ನೊಂದು ಸಮಸ್ಯೆ ಇತ್ತು, ಅದನ್ನು ಇಲ್ಲಿ ಹೇಳಲೇಬೇಕು. ಸರ್ ಅವರ ಭಾಷೆಯಲ್ಲಿ ಪ್ರತಿ ತುಂಡಿಗೂ ಅದರದೇ ಸಾಮಾನು. ಒಂದು ತುಂಡಿನಲ್ಲಿ ‘ಐ’ ಎಂಬ ಅಕ್ಷರ ಇಟ್ಟುಕೊಂಡು ಏನನ್ನೋ ಎಣಿಸಿದರೆ ಇನ್ನೊಂದು ತುಂಡಿನ ‘ಐ’ಗೆ ಏನೂ ಆಗುವುದಿಲ್ಲ. ಬೇಸಿಕ್‌ನಲ್ಲಿ ಹಾಗಲ್ಲ. ಇಡೀ ಮನೆಗೆ ಒಂದೇ ಟವೆಲ್ಲು. ಒಬ್ಬರು ಒರೆಸಿಕೊಂಡರೆ ಎಲ್ಲರಿಗೂ ಒದ್ದೆ. ಅದಕ್ಕೆ ಮೊದಲ ಹಾಳೆಯಲ್ಲೇ ಒಂದು ಪಟ್ಟಿ ಬರೆದುಕೊಂಡಿದ್ದೆ. ‘ಐ’ ಎಂದರೆ ವಾರದ ದಿನ, ‘ಪಿ’ ಎಂದರೆ ಪೀರಿಯಡ್ಡು, ‘ಕೆ’ ಎಂದರೆ ತರಗತಿ. ಯಾವುದಕ್ಕೆ ಯಾವ ಅಕ್ಷರವೋ ಅದಕ್ಕೆ ಮಾತ್ರ ಅದನ್ನು ಬಳಸಬೇಕು. ಈ ಪಟ್ಟಿಯ ಬಗ್ಗೆ ನನಗೆ ಭಾಳ ಹೆಮ್ಮೆಯಿತ್ತು.

ನಾನು ಬರೆದ ಹಾಳೆಗಳನ್ನು ಯಂತ್ರಕ್ಕೆ ಹೊಡೆಯುತ್ತಿದ್ದವರು ಅಕ್ಕೋರು. ನನ್ನದು ಎರಡು ಬೆರಳಿನ ಟೈಪಿಂಗ್. ಅವರದು ಹತ್ತು ಬೆರಳು, ಕಣ್ಣು ಹಾಳೆಯ ಮೇಲೆಯೇ. ಮೊದಲ ವಾರ ಒಂದು ಗೋಳಾಯಿತು. ಹಳೆಯ ಟೈಪ್‌ರೈಟರುಗಳಲ್ಲಿ ಒಂದು ಎಂಬ ಅಂಕಿಗೆ ಕೀಲಿಯೇ ಇರುತ್ತಿರಲಿಲ್ಲ. ಸಣ್ಣ ‘ಎಲ್’ ಅಕ್ಷರವನ್ನೇ ಒಂದು ಎಂದು ಹೊಡೆಯುವುದು ಟೈಪಿಸ್ಟರ ರೂಢಿ. ಹದಿನೇಳು ವರ್ಷದ ರೂಢಿಯ ಬೆರಳು ಇಲ್ಲೂ ಅದನ್ನೇ ಮಾಡಿತು. ಕಾಗದದ ಮೇಲೆ ಎರಡೂ ಒಂದೇ ಥರ ಕಂಡಾವು, ಯಂತ್ರಕ್ಕೆ ಹಾಗಲ್ಲ. ಅರ್ಧ ದಿನ ಹುಡುಕಿ ಕಂಡುಹಿಡಿದು, ಎಲ್ಲರೆದುರು ರೇಗಿದೆ. ಅವರು ಕೀಬೋರ್ಡಿನ ಮೇಲೆ ಒಂದರ ಕೀಲಿಗೆ ಕುಂಕುಮದ ಸಣ್ಣ ಬೊಟ್ಟು ಹಚ್ಚಿದರು. ಆಮೇಲೆ ಆ ತಪ್ಪು ಮತ್ತೆ ಆಗಲಿಲ್ಲ.

ಕರೆಂಟು ಹೋದರೆ ಟೇಪಿಗೆ ಹಾಕದೆ ಉಳಿದದ್ದೆಲ್ಲ ಹಾಳು. ಒಮ್ಮೆ ಟೇಪೇ ಸುತ್ತಿಕೊಂಡು ಹರಿಯಿತು. ಹೀಗಾಗಿ ಅಕ್ಕೋರು ಇಡೀ ಪ್ರೋಗ್ರಾಮನ್ನು ಮೂರು ಸಲ ಮೊದಲಿನಿಂದ ಹೊಡೆದರು. ಹೊಡೆದು ಮುಗಿಸಿ ಹಾಳೆಗಳನ್ನು ಜೋಡಿಸಿ ನನ್ನ ಮೇಜಿನ ಮೇಲಿಡುತ್ತಿದ್ದರು. ಅಂಚಿನಲ್ಲಿ ಅಲ್ಲೊಂದು ಇಲ್ಲೊಂದು ಪೆನ್ಸಿಲ್ ಚುಕ್ಕಿ ಕಾಣುತ್ತಿತ್ತು. ಎಲ್ಲಿಯವರೆಗೆ ಹೊಡೆದೆ ಎಂದು ಗುರುತಿಟ್ಟುಕೊಂಡಿರಬೇಕು ಅಂದುಕೊಂಡು ಸುಮ್ಮನಾದೆ. ಕೇಳುವಷ್ಟು ವ್ಯವಧಾನ ನನಗೆಲ್ಲಿತ್ತು!

ಶಾಲೆಯಲ್ಲಿ ತೋರಿಸುವ ದಿನಕ್ಕೆ ಒಂದು ವಾರ ಮೊದಲು ಪ್ರೋಗ್ರಾಮು ಪೂರ್ತಿ ನಡೆಯಿತು. ಸೋಮವಾರದಿಂದ ಶನಿವಾರದವರೆಗೆ, ಎಂಟೆಂಟು ಪೀರಿಯಡ್ಡು, ಎಲ್ಲೂ ಒಬ್ಬ ಟೀಚರು ಎರಡು ಕ್ಲಾಸಿನಲ್ಲಿ ನಿಲ್ಲಲಿಲ್ಲ. ಮಾಲೀಕರು ಎಲ್ಲರಿಗೂ ಉಸ್ಮಾನಿಯಾ ಬಿಸ್ಕತ್ತು, ಇರಾನಿ ಚಹಾ ತರಿಸಿದರು. ಮರುದಿನ ಮುಖ್ಯೋಪಾಧ್ಯಾಯಿನಿ ಒಂದು ಹೊಸ ಬೇಡಿಕೆ ಕಳಿಸಿದರು. ಯಾವ ಟೀಚರೂ ದಿನವಿಡೀ ಬಿಡುವಿಲ್ಲದೆ ನಿಲ್ಲಬಾರದು, ಕನಿಷ್ಠ ಒಂದು ಪೀರಿಯಡ್ಡು ಕೂರಬೇಕು. ಬೇಡಿಕೆ ನ್ಯಾಯವೇ. ಸರ್ ಭಾನುವಾರ ಕೂತು ಒಂದು ಚಿಕ್ಕ ತುಂಡು ಬರೆದುಕೊಟ್ಟರು. ಪ್ರತಿ ದಿನ ತುಂಬಿದ ಮೇಲೆ ಆ ತುಂಡಿಗೆ ಹೋಗಿ ಎಂಟು ಪೀರಿಯಡ್ಡು ಎಣಿಸಿ ನೋಡಿ ವಾಪಸು ಬರಬೇಕು. ನಾನು ಅದನ್ನು ಅವಸರದಲ್ಲಿ ಬೇಸಿಕ್‌ಗೆ ಇಳಿಸಿ, ಸಾವಿರದ ನಲವತ್ತನೆಯ ಸಾಲಿನಿಂದ ಶುರು ಮಾಡಿ ಅಕ್ಕೋರ ಕೈಗೆ ಕೊಟ್ಟೆ. ಟೇಪು ಹರಿದು ಮೂರನೆಯ ಸಲ ಎಲ್ಲವನ್ನೂ ಹೊಡೆದದ್ದು ಆಗಲೇ.

ಒಂದು ದಿನ ತುಂಬಲು ಆ ಯಂತ್ರಕ್ಕೆ ಇಪ್ಪತ್ತು ನಿಮಿಷ ಬೇಕು. ಇಡೀ ವಾರಕ್ಕೆ ಎರಡು ಗಂಟೆ. ನಾನು ಸೋಮವಾರವನ್ನು ಮಾತ್ರ ಓಡಿಸಿ ನೋಡಿದೆ. ಸರಿಯಾಗಿ ಬಂತು. ಕೊನೆಯ ಚೌಕ ತುಂಬಿದ ಕೂಡಲೇ ನಿಲ್ಲಿಸಿದೆ.

‘ಎಲ್ಲಾ ದಿನಾ ನೋಡೂದು ಬ್ಯಾಡೇನ ತಂಗಿ?’ ಎಂದು ಅಕ್ಕೋರು ಕೇಳಿದರು.

‘ಸೋಮವಾರ ಬಂದ್ರ ಉಳದ ದಿನಾ ಎಲ್ಲಿಗ ಹೋಗ್ತಾವ್ರಿ ಅಕ್ಕೋರ? ಹೋದ ವಾರ ಎಲ್ಲಾ ಬಂದಿಲ್ಲೇನ?’ ಎಂದೆ.

ಶಾಲೆಯ ಸ್ಟಾಫ್‌ರೂಮಿನಲ್ಲಿ ಟಿವಿಯ ಮುಂದೆ ಟೀಚರುಗಳೆಲ್ಲ ಸೇರಿದ್ದರು. ಮುಖ್ಯೋಪಾಧ್ಯಾಯಿನಿ ನಡುವಿನ ಕುರ್ಚಿಯಲ್ಲಿ. ಮಾಲೀಕರು ಇಸ್ತ್ರಿ ಮಾಡಿದ ಸಫಾರಿ ಸೂಟು ಹಾಕಿಕೊಂಡು ಬಾಗಿಲ ಹತ್ತಿರ ನಿಂತಿದ್ದರು. ಅಕ್ಕೋರು ಒಳ್ಳೆಯ ಇಳಕಲ್ ಸೀರೆ ಉಟ್ಟಿದ್ದರು, ಮಗಳನ್ನೂ ಕರೆತಂದಿದ್ದರು. ನಾನು ಟೇಪ್ ಹಾಕಿ ಪ್ರೋಗ್ರಾಮು ಶುರು ಮಾಡಿದೆ. ಎರಡು ಗಂಟೆ ಹಿಡಿಯುತ್ತದೆ, ಅಷ್ಟರಲ್ಲಿ ಊಟ ಮುಗಿಸಬಹುದು ಎಂದು ಹೇಳಿದೆ. ಆದರೆ ಇಪ್ಪತ್ತೇ ನಿಮಿಷಕ್ಕೆ ಪರದೆಯ ಮೇಲೆ ‘ಮುಗಿಯಿತು’ ಎಂದು ಬಂತು. ಸೋಮವಾರ ತುಂಬಿತ್ತು. ಮಂಗಳವಾರದಿಂದ ಶನಿವಾರದವರೆಗೆ ಖಾಲಿ ಚೌಕಗಳು.

ಮತ್ತೆ ಓಡಿಸಿದೆ. ಮತ್ತೆ ಇಪ್ಪತ್ತು ನಿಮಿಷ ಎಲ್ಲರೂ ಕೂತರು. ಮತ್ತೆ ಸೋಮವಾರ ಮಾತ್ರ.

‘ನಮ್ಮ ಶಾಲೆ ವಾರಕ್ಕೆ ಒಂದೇ ದಿನವಾ?’ ಎಂದು ಮುಖ್ಯೋಪಾಧ್ಯಾಯಿನಿ ಹಿಂದಿಯಲ್ಲಿ ಕೇಳಿದರು. ಟೀಚರುಗಳು ನಕ್ಕರು. ಒಬ್ಬರು, ‘ಹಾಗಾದರೆ ಒಳ್ಳೆಯದೇ ಮೇಡಂ’ ಎಂದರು. ಮತ್ತೂ ನಕ್ಕರು. ಮಾಲೀಕರು ಬಾಗಿಲಿನಿಂದಲೇ ತೆಲುಗಿನಲ್ಲಿ, ‘ಏಮೈಂದಮ್ಮಾ?’, ಏನಾಯ್ತು ಎಂದು ಕೇಳಿದರು.

ಆ ಕ್ಷಣ ನನಗೆ ಹೊಳೆದದ್ದು ಒಂದೇ. ಹೋದ ವಾರ ಸರಿಯಿತ್ತು. ಆಮೇಲೆ ಅಕ್ಕೋರು ಎಲ್ಲವನ್ನೂ ಹೊಸದಾಗಿ ಹೊಡೆದಿದ್ದಾರೆ. ಒಂದರ ಬದಲು ‘ಎಲ್’ ಹೊಡೆದಿದ್ದಾರೆ, ಇನ್ನೇನು. ಇದರಲ್ಲಿ ನನಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ‘ಟೈಪಿಂಗ್ ಮಿಸ್ಟೇಕ್ ಮೇಡಂ’ ಎಂದೆ. ಅಷ್ಟಕ್ಕೇ ಬಿಡಬಹುದಿತ್ತು. ಬಿಡಲಿಲ್ಲ. ‘ಟೈಪ್‌ರೈಟರಿನ ಅಭ್ಯಾಸ ಅಲ್ವಾ, ಕಂಪ್ಯೂಟರಿಗೆ ಒಗ್ಗಲ್ಲ. ಮೊದಲೂ ಹೀಗೆ ಮಾಡಿದ್ರು’ ಎಂದು ಸೇರಿಸಿದೆ. ಮುಖ್ಯೋಪಾಧ್ಯಾಯಿನಿ ತಿರುಗಿ ಅಕ್ಕೋರನ್ನು ನೋಡಿದರು. ಅಕ್ಕೋರು ನನ್ನನ್ನು ನೋಡಿದರು. ಮಗಳು ಅಮ್ಮನ ಸೆರಗು ಹಿಡಿದುಕೊಂಡಿದ್ದಳು.

ಸಂಜೆ ಗಾಡಿಯಲ್ಲಿ ಇಬ್ಬರೂ ಎದುರುಬದುರು ಕೂತೆವು. ಮಲ್ಕಾಜ್‌ಗಿರಿ ಬರುವ ಹೊತ್ತಿಗೆ ಅಕ್ಕೋರು ಒಂದೇ ಮಾತು ಆಡಿದರು.

‘ಹಾಳಿ ಅಂಚಿನ ತನಕಾ ಒಮ್ಮಿ ನೋಡಬೇಕಿತ್ತು ತಂಗಿ.’

ತಪ್ಪು ಮಾಡಿದವರು ನನಗೇ ಬುದ್ಧಿ ಹೇಳುತ್ತಾರಲ್ಲ ಎಂದು ನಾನು ಮುಖ ಕಿಟಕಿಗೆ ತಿರುಗಿಸಿದೆ.

ಮರುದಿನ ಗೂಡಿನಲ್ಲಿ ಒಬ್ಬಳೇ ಕೂತು ಪರದೆಯ ಮೇಲೆ ಸಾಲು ಸಾಲಾಗಿ ‘ಎಲ್’ ಹುಡುಕಿದೆ. ಒಂದೂ ಇರಲಿಲ್ಲ. ಎಷ್ಟು ಹುಡುಕಿದರೂ ಒಂದೂ ಇರಲಿಲ್ಲ. ಮಧ್ಯಾಹ್ನ ಪ್ರೋಗ್ರಾಮಿನ ನಡುವೆ ಒಂದು ಸಾಲು ಸೇರಿಸಿ, ಹೊಸ ತುಂಡಿನಿಂದ ವಾಪಸು ಬಂದಾಗ ‘ಐ’ ಎಷ್ಟಾಗಿದೆ ತೋರಿಸು ಎಂದೆ. ಸೋಮವಾರವಾದ್ದರಿಂದ ಒಂದು ಎಂದು ಬರಬೇಕು. ಒಂಬತ್ತು ಎಂದು ಬಂತು.

ನೋಡಿದ ಕೂಡಲೇ ಗೊತ್ತಾಯಿತು. ಸರ್ ಅವರ ತುಂಡಿನಲ್ಲಿ ಪೀರಿಯಡ್ಡು ಎಣಿಸಲು ‘ಐ’ ಇತ್ತು. ಅದು ಆ ತುಂಡಿನದೇ ‘ಐ’, ಅಲ್ಲಿ ತಪ್ಪಿಲ್ಲ. ನಾನು ಅದನ್ನು ‘ಪಿ’ ಮಾಡಬೇಕಿತ್ತು. ಅವಸರದಲ್ಲಿ ‘ಐ’ ಎಂದೇ ಇಳಿಸಿದ್ದೆ. ಒಂದೇ ಟವೆಲ್ಲು. ತುಂಡು ಎಂಟು ಪೀರಿಯಡ್ಡು ಎಣಿಸಿ ‘ಐ’ಯನ್ನು ಒಂಬತ್ತು ಮಾಡಿಟ್ಟಿತು. ವಾಪಸು ಬಂದ ಯಂತ್ರ ‘ಐ’ಯನ್ನು ನೋಡಿ, ವಾರದಲ್ಲಿ ಆರೇ ದಿನ, ಇದು ಒಂಬತ್ತಾಗಿದೆ, ವಾರ ಮುಗಿಯಿತು ಎಂದು ತೀರ್ಮಾನಿಸಿತು. ಯಂತ್ರದ್ದು ಏನೂ ತಪ್ಪಿಲ್ಲ. ಅಕ್ಕೋರು ನಾನು ಬರೆದದ್ದನ್ನೇ ಹೊಡೆದಿದ್ದರು.

‘ಐ’ಯನ್ನು ‘ಪಿ’ ಮಾಡಿದೆ. ಎರಡು ಗಂಟೆ ಕೂತು ಇಡೀ ವಾರ ತುಂಬುವುದನ್ನು ನೋಡಿದೆ. ಸಂಜೆ ಮಾಲೀಕರು ಬಂದು, ‘ಟೈಪಿಂಗ್ ಮಿಸ್ಟೇಕ್ ಸಿಕ್ತಾ?’ ಎಂದರು. ‘ಸಿಕ್ತು ಸರ್, ಸರಿ ಮಾಡ್ದೆ’ ಎಂದೆ. ಸುಳ್ಳು ಹೇಳಲು ನಾನು ಹೊಸದಾಗಿ ಏನೂ ಹೇಳಬೇಕಾಗಿರಲಿಲ್ಲ. ಅವರ ಪ್ರಶ್ನೆಗೆ ಹೂಂಗುಟ್ಟಿದ್ದು ಅಷ್ಟೇ.

ಶಾಲೆಯವರು ಪ್ರೋಗ್ರಾಮು ತೆಗೆದುಕೊಂಡರು. ಕಂಪ್ಯೂಟರ್ ಕೋಣೆಗೆ ಅಮೀರ್‌ಪೇಟೆಯಲ್ಲಿ ಡಿಪ್ಲೊಮಾ ಮಾಡಿದ ಹುಡುಗಿಯೊಬ್ಬಳು ಬಂದಳು. ಕೊನೆಯ ಐದು ಟೈಪ್‌ರೈಟರುಗಳಲ್ಲಿ ನಾಲ್ಕು ಮಾರಿಹೋದವು. ಐದನೆಯದನ್ನು ಮಾಲೀಕರು ಹದಿನೇಳು ವರ್ಷದ ಲೆಕ್ಕಕ್ಕೆ ಅಕ್ಕೋರಿಗೇ ಕೊಟ್ಟು ಕಳಿಸಿದರು. ಅವರು ಅದನ್ನು ಸಿಕಂದರಾಬಾದಿನ ಕೋರ್ಟಿನ ಹತ್ತಿರ ಒಂದು ತಗಡಿನ ನೆರಳಿನಲ್ಲಿಟ್ಟುಕೊಂಡು ಅರ್ಜಿ, ಅಫಿಡವಿಟ್ಟು ಹೊಡೆದುಕೊಡತೊಡಗಿದರು. ನಾನು ಒಂದು ಗಾಡಿ ಮೊದಲು ಹೊರಡತೊಡಗಿದೆ. ಅಮ್ಮನಿಗೆ, ಆಫೀಸಿನಲ್ಲಿ ಕೆಲಸ ಹೆಚ್ಚಾಗಿದೆ ಎಂದೆ.

ಹೇಳಬೇಕು ಎಂದು ಅನ್ನಿಸದೆ ಇರಲಿಲ್ಲ. ಆದರೆ ಮೊದಲ ದಿನ ಹೇಳದ್ದನ್ನು ಹತ್ತನೆಯ ದಿನ ಹೇಳುವುದು ಇನ್ನೂ ಕಷ್ಟ. ತಿಂಗಳಾದ ಮೇಲೆ, ಇನ್ನು ಹೇಳಿದರೆ ಪ್ರಯೋಜನವಾದರೂ ಏನು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಹೀಗೆ ಏಳು ತಿಂಗಳು ಕಳೆಯಿತು.

ಅಷ್ಟರಲ್ಲಿ ಪೇಪರಿನ ತುಂಬ ಕಂಪನಿಗಳ ಜಾಹೀರಾತು ಬರಲು ಶುರುವಾಗಿತ್ತು. ಹಳೆಯ ಭಾಷೆಯ ಪ್ರೋಗ್ರಾಮು ಓದಬಲ್ಲವರು ಬೇಕು ಎಂದು ಒಂದು ಕಂಪನಿ ಕರೆದಿತ್ತು. ನಾನು ಇಂಗ್ಲಿಷಿನಲ್ಲಿ ಬಯೋಡಾಟಾ ಬರೆದೆ. ಟೈಪ್ ಮಾಡಿಸಬೇಕಿತ್ತು. ಅಮ್ಮ ಹಿಟ್ಟಿನ ಗಿರಣಿಯಲ್ಲಿ ಅಕ್ಕೋರನ್ನು ಕಂಡು ಬಯೋಡಾಟಾದ ವಿಷಯ ಹೇಳಿಬಿಟ್ಟಿದ್ದಳು.

‘ಅಕ್ಕೋರು ತಾವಾಗೇ ಕೇಳ್ಯಾರ, ನಾನ ಹೊಡದ ಕೊಡ್ತೀನಿ ಅಂತ. ಬ್ಯಾರೆ ಕಡಿ ಯಾಕ ಹೊಕ್ಕಿ? ಇಷ್ಟ ದಿವಸ ಮಾತಾಡ್ಸಿಲ್ಲಂತಲ್ಲ ನೀ ಅವರನ್ನ!’

ತಪ್ಪಿಸಿಕೊಳ್ಳಲು ದಾರಿಯಿರಲಿಲ್ಲ. ಕೋರ್ಟಿನ ಹತ್ತಿರ ಹೋದೆ. ಏಪ್ರಿಲ್ ಬಿಸಿಲಿಗೆ ತಗಡು ಕಾದಿತ್ತು. ಅಕ್ಕೋರು ಒದ್ದೆ ಮಾಡಿದ ಕರವಸ್ತ್ರ ಕತ್ತಿಗೆ ಸುತ್ತಿಕೊಂಡು ಯಾರದೋ ಬಾಡಿಗೆ ಕರಾರು ಹೊಡೆಯುತ್ತಿದ್ದರು. ‘ಬಾ ತಂಗಿ, ಕೂಡ. ನೀರ ಕುಡೀತಿ?’ ಎಂದರು, ನಡುವೆ ಏನೂ ನಡೆದೇ ಇಲ್ಲ ಎನ್ನುವ ಹಾಗೆ. ನನ್ನ ಹಾಳೆ ತೆಗೆದುಕೊಂಡು ಸ್ಟ್ಯಾಂಡಿಗೆ ಸಿಕ್ಕಿಸಿದರು. ಹತ್ತು ನಿಮಿಷದಲ್ಲಿ ಹೊಡೆದು ಮುಗಿಸಿದರು. ಟೈಪ್ ಮಾಡಿದ ಪ್ರತಿಯನ್ನೂ ನಾನು ಬರೆದ ಹಾಳೆಯನ್ನೂ ಒಟ್ಟಿಗೆ ಕೊಟ್ಟರು.

ಟೈಪಿನಲ್ಲಿ ಒಂದು ತಪ್ಪಿರಲಿಲ್ಲ. ನನ್ನ ಹಾಳೆಯ ಅಂಚಿನಲ್ಲಿ, ಕೆಳಗಿನಿಂದ ನಾಲ್ಕನೆಯ ಸಾಲಿನ ಪಕ್ಕ, ಒಂದು ಪೆನ್ಸಿಲ್ ಚುಕ್ಕಿ ಇತ್ತು. ಆ ಸಾಲಿನಲ್ಲಿ ನಾನು ಬರೆದಿದ್ದದ್ದು ಇದು: ‘ಶಾಲೆಯೊಂದರ ವೇಳಾಪಟ್ಟಿ ಪ್ರೋಗ್ರಾಮನ್ನು ಯಾರ ನೆರವಿಲ್ಲದೆ, ದೋಷವಿಲ್ಲದೆ ಸಿದ್ಧಪಡಿಸಿದ್ದೇನೆ.’

‘ಇದೇನ್ರಿ ಅಕ್ಕೋರ, ಈ ಚುಕ್ಕಿ?’

‘ಅದಾ? ಅದು ನಮ್ಮ ಟೈಪಿಂಗಿನವರ ರಿವಾಜ್. ಕಾಪಿ ತಿದ್ದೂದು ನಮ್ಮ ಕೆಲಸ ಅಲ್ಲ, ಬರದವರ ಕೆಲಸ. ಹೆಂಗ ಐತಿ ಹಂಗ ಹೊಡೀಬೇಕು. ಎಲ್ಲೆರೆ ಅನುಮಾನ ಬಂದ್ರ ಅಂಚಿಗೊಂದ ಚುಕ್ಕಿ ಇಡೂದು. ಬರದವರು ನೋಡ್ಕೋತಾರ.’

‘ನನ್ನ ಪ್ರೋಗ್ರಾಮಿನ ಹಾಳಿಗೂ ಇಡ್ತಿದ್ರೇನ?’

‘ಎಲ್ಲಾರ ಹಾಳಿಗೂ ಇಡ್ತೀನಿ’ ಎಂದು ಅವರು ಮುಂದಿನ ಕಾಗದ ಸಿಕ್ಕಿಸಿದರು.

ಮನೆಗೆ ಬಂದು ಅಟ್ಟದ ಮೇಲಿನ ಟ್ರಂಕು ಇಳಿಸಿದೆ. ಹಾಳೆಗಳೆಲ್ಲ ಇದ್ದವು. ನೆಲದ ಮೇಲೆ ಹರಡಿಕೊಂಡು ನೋಡಿದೆ. ಒಟ್ಟು ಹನ್ನೊಂದು ಚುಕ್ಕಿ. ಒಂದೊಂದನ್ನೇ ನೋಡುತ್ತ ಹೋದೆ. ಮುನ್ನೂರ ಹತ್ತರ ಪಕ್ಕ ಒಂದು. ಅಲ್ಲಿ ನಾನು ಇಲ್ಲದ ಸಾಲಿಗೆ ಯಂತ್ರವನ್ನು ಕಳಿಸಿದ್ದೆ, ಹುಡುಕಲು ಎರಡು ದಿನ ಹಿಡಿದಿತ್ತು. ಏಳುನೂರ ಇಪ್ಪತ್ತರ ಪಕ್ಕ ಒಂದು. ಅಲ್ಲಿ ವಾಪಸು ಬಾ ಎಂದು ಬರೆಯುವುದನ್ನೇ ಮರೆತಿದ್ದೆ. ಎರಡು ಚುಕ್ಕಿ ಮಾತ್ರ ನಿಜವಾಗಿ ತಪ್ಪಲ್ಲದ ಕಡೆ ಇದ್ದವು. ಉಳಿದ ಒಂಬತ್ತೂ ನನ್ನ ತಪ್ಪುಗಳೇ. ಪ್ರೋಗ್ರಾಮಿಂಗ್ ಬಾರದ ಹೆಂಗಸು ನಾನು ಮೊದಲ ಹಾಳೆಯಲ್ಲಿ ಬರೆದಿದ್ದ ಅಕ್ಷರಗಳ ಪಟ್ಟಿಯನ್ನು ಪಕ್ಕಕ್ಕಿಟ್ಟುಕೊಂಡು, ನನ್ನ ಮಾತಿಗೆ ನನ್ನ ಬರಹವನ್ನು ತಾಳೆ ನೋಡಿದ್ದರು. ಹನ್ನೊಂದನೆಯ ಚುಕ್ಕಿ ಸಾವಿರದ ನಲವತ್ತನೆಯ ಸಾಲಿನ ಪಕ್ಕ ಇತ್ತು. ಅದನ್ನು ಪೆನ್ಸಿಲಿನಿಂದ ಎರಡು ಸಲ ಒತ್ತಿ ಇಟ್ಟಿದ್ದರು.

ಅಮ್ಮ ಅಡುಗೆಮನೆಯಿಂದ ಬಂದು, ‘ಏನಾತ? ಯಾಕ ಅಳಾಕತ್ತಿ?’ ಎಂದಳು. ಹೇಳಿದೆ. ಎಲ್ಲ ಕೇಳಿ, ‘ನನಗ್ಯಾಕ ಹೇಳ್ತಿ ಇದನ್ನ’ ಎಂದು ಒಳಗೆ ಹೋದಳು.

ಬೆಳಿಗ್ಗೆ ಹಳೆಯ ಗಾಡಿಯ ಹೊತ್ತಿಗೆ ಸ್ಟೇಷನ್ನಿಗೆ ಹೋದೆ. ಅಕ್ಕೋರು ಅದೇ ಕಂಬದ ಹತ್ತಿರ ನಿಂತಿದ್ದರು.

‘ಅಕ್ಕೋರ, ಶಾಲ್ಯಾಗ ಆಗಿದ್ದ ತಪ್ಪು ನಂದು. ನಿಮ್ದಲ್ಲ.’

‘ಗೊತ್ತೈತಿ ತಂಗಿ. ಚುಕ್ಕಿ ನಾನ ಇಟ್ಟಿದ್ನಲ್ಲ.’ ಆಮೇಲೆ ಕೇಳಿದರು. ‘ನಿನಗ ಯಾವಾಗ ಗೊತ್ತಾತು? ನಿನ್ನೆ?’

ನಿನ್ನೆ ಎಂದುಬಿಡಬಹುದಿತ್ತು. ಅವರು ಹಾಗೆಯೇ ನಂಬಿದ್ದರು. ಹುಡುಗಿಗೆ ಗೊತ್ತಿಲ್ಲ, ಗೊತ್ತಾದರೆ ಬಂದು ಹೇಳುತ್ತಾಳೆ ಎಂದುಕೊಂಡೇ ಏಳು ತಿಂಗಳು ತಗಡಿನ ಕೆಳಗೆ ಕೂತಿದ್ದರು.

‘ಮರುದಿನಾನ ಗೊತ್ತಾಗಿತ್ರಿ’ ಎಂದೆ.

ಗಾಡಿ ಬಂತು. ಅಕ್ಕೋರು ಹತ್ತಿದರು, ನಾನೂ ಹತ್ತಿದೆ. ಎದುರಿನ ಸೀಟು ಖಾಲಿಯಿದ್ದರೂ ಅವರು ಬಾಗಿಲ ಹತ್ತಿರವೇ ನಿಂತರು. ಸಿಕಂದರಾಬಾದಿನವರೆಗೆ ನನ್ನ ಕಡೆ ತಿರುಗಲಿಲ್ಲ. ಇಳಿಯುವಾಗ, ‘ನನ್ನ ಮಗಳು ಕೇಳಿದ್ಲು, ಅವ್ವಾ ನಿನಗ ಟೈಪಿಂಗ್ ಬರಂಗಿಲ್ಲೇನ ಅಂತ’ ಎಂದರು. ಅಷ್ಟು ಹೇಳಿ ಜನರ ನಡುವೆ ಹೊರಟುಹೋದರು.

ನಾನು ನೇರವಾಗಿ ಶಾಲೆಗೆ ಹೋದೆ. ಮುಖ್ಯೋಪಾಧ್ಯಾಯಿನಿಯ ಮೇಜಿನ ಮೇಲೆ ಮೊದಲ ಹಾಳೆಯ ಪಟ್ಟಿಯನ್ನೂ ಸಾವಿರದ ನಲವತ್ತರ ಹಾಳೆಯನ್ನೂ ಅಕ್ಕಪಕ್ಕ ಇಟ್ಟು, ನನ್ನ ಹರಕು ಹಿಂದಿಯಲ್ಲಿ ಎಲ್ಲ ಹೇಳಿದೆ. ಅವರಿಗೆ ಪ್ರೋಗ್ರಾಮು ಅರ್ಥವಾಗಲಿಲ್ಲ, ಚುಕ್ಕಿ ಅರ್ಥವಾಯಿತು. ‘ಇಷ್ಟು ದಿನ ಎಲ್ಲಿದ್ದೆ ನೀನು?’ ಎಂದು ಕೇಳಿದರು. ಬೈದರು, ಬೈಸಿಕೊಂಡೆ. ಕೊನೆಗೆ, ಡಿಪ್ಲೊಮಾ ಹುಡುಗಿ ಮೂರು ತಿಂಗಳಿಗೇ ಬೇರೆ ಕಡೆ ಹಾರಿದಳು, ಎರಡನೆಯವಳು ಹೋದ ವಾರ ಬಿಟ್ಟಳು, ಕೋಣೆಗೆ ಬೀಗ ಹಾಕಿದೆ ಎಂದರು. ಹಾಳೆಯನ್ನು ತಮ್ಮ ಬಳಿಯೇ ಇಟ್ಟುಕೊಂಡರು. ಜೂನ್‌ನಲ್ಲಿ ಶಾಲೆ ತೆರೆದಾಗ ಅಕ್ಕೋರಿಗೆ ಕರೆ ಬಂತು. ಅವರು ಹೋದರು, ಮಗಳೂ ಜೊತೆಗೆ. ಅಲ್ಲಿ ಅವರು ಬಹಳ ವರ್ಷ ಇದ್ದರು.

ಕರೆ ಬರುವುದಕ್ಕಿಂತ ಮೊದಲೇ, ಶಾಲೆಗೆ ಹೋಗಿ ಬಂದ ಎರಡು ದಿನಕ್ಕೆ, ನಾನು ಬಯೋಡಾಟಾದ ಆ ಸಾಲು ಹೊಡೆದುಹಾಕಿ ಬೇರೆ ಬರೆದಿದ್ದೆ. ಪ್ರೋಗ್ರಾಮು ಬರೆದವರು ನಮ್ಮ ಸರ್, ಬೇಸಿಕ್‌ಗೆ ಇಳಿಸಿದವಳು ನಾನು, ನನ್ನ ಒಂಬತ್ತು ತಪ್ಪುಗಳನ್ನು ನನಗಿಂತ ಮೊದಲು ಕಂಡವರು ಟೈಪ್ ಮಾಡಿದವರು. ಇಂಥ ಬಯೋಡಾಟಾ ನೋಡಿ ಯಾವ ಕಂಪನಿ ಕರೆಯುತ್ತದೆ ಎಂದು ಅಪ್ಪ ತಲೆ ಚಚ್ಚಿಕೊಂಡರು. ಆ ಕಂಪನಿಯವರು ಕರೆದರು. ಮುಂದೆ ಗಚ್ಚಿಬೌಲಿಯ ಗಾಜಿನ ಕಟ್ಟಡದಲ್ಲಿ ಬೇರೆಯವರ ಹಳೆಯ ಪ್ರೋಗ್ರಾಮುಗಳನ್ನು ಓದುತ್ತಲೇ ನನ್ನ ನೌಕರಿಯೆಲ್ಲ ಕಳೆಯಿತು. ಆ ಮಾತು ಬೇರೆ.

ಹೊಸ ಸಾಲು ಬರೆದ ಹಾಳೆಯನ್ನು ಟೈಪ್ ಮಾಡಿಸಲು ಕೋರ್ಟಿನ ಹತ್ತಿರಕ್ಕೇ ಹೋದೆ. ಅಕ್ಕೋರು ನೀರು ಕುಡಿಯುತ್ತೀಯಾ ಎಂದು ಕೇಳಲಿಲ್ಲ. ಹಾಳೆ ತೆಗೆದುಕೊಂಡರು, ಹೊಡೆದರು, ಎರಡನ್ನೂ ಒಟ್ಟಿಗೆ ಕೊಟ್ಟರು. ನಾನು ಟೈಪಿನ ಪ್ರತಿಯನ್ನು ಮಡಚಿ ಚೀಲಕ್ಕೆ ಹಾಕಿ, ನಾನು ಬರೆದ ಹಾಳೆಯನ್ನು ಅಲ್ಲೇ ಬಿಸಿಲಿಗೆ ಹಿಡಿದು ಮೇಲಿನಿಂದ ಕೆಳಗಿನವರೆಗೆ ಅಂಚು ನೋಡಿದೆ. ಎಲ್ಲೂ ಚುಕ್ಕಿ ಇರಲಿಲ್ಲ.